ನಿಮಗಿದು ಗೊತ್ತೇ? ಕಾವಲಿನ ತಂತಿಗೂ ಒಂದು ಕಾವಲು

ಅಲಾರಂ ಆಫ್ ಮಾಡಿದರೂ ಅದರ ಒಂದು ಭಾಗ ಎಚ್ಚರವಾಗಿಯೇ ಇರುತ್ತದೆ. ಅದೇ ಟ್ಯಾಂಪರ್ ಸರ್ಕ್ಯೂಟ್. ಕಳ್ಳ ಬಂದನೇ ಎಂದು ನೋಡುವುದು ಸೆನ್ಸರ್‌ನ ಕೆಲಸ. ಆ ಸೆನ್ಸರ್‌ನ ಮುಚ್ಚಳ ಬಿಚ್ಚಿದರೇ, ತಂತಿ ಕತ್ತರಿಸಿದರೇ ಎಂದು ನೋಡುವುದು ಟ್ಯಾಂಪರ್‌ನದು. ಅದಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಕುಮಟಾ ತಾಲೂಕಿನ ಹೊಳನಗದ್ದೆಯಲ್ಲಿ ಮನೆಮಂದಿಯೆಲ್ಲ ಊಟಕ್ಕೆ ಕೂತಿರುವಾಗ, ಕಳ್ಳನ ಸುಳಿವೇ ಇಲ್ಲದೆ ಹೂಟರ್ ಕೂಗಿಕೊಂಡರೆ ಮೊದಲ ಅನುಮಾನ ಟ್ಯಾಂಪರ್ ಮೇಲೆಯೇ ಇರಲಿ.

ವಿದ್ಯುತ್ ಕಳ್ಳಗಂಟೆಗೆ ಅಮೆರಿಕದ ಆಗಸ್ಟಸ್ ರಸೆಲ್ ಪೋಪ್ ಪೇಟೆಂಟ್ ಪಡೆದದ್ದು 1853ರಲ್ಲಿ. ಅದರಲ್ಲಿ ಬಾಗಿಲು ತೆರೆದಾಗ ಸರ್ಕ್ಯೂಟ್ ಕೂಡಿ ಗಂಟೆ ಬಾರಿಸುತ್ತಿತ್ತು. ಅಂಥ ಜೋಡಣೆಯಲ್ಲಿ ತಂತಿ ತುಂಡಾದರೆ ಗಂಟೆಯೂ ಮೂಕ. ಇಂದಿನ ಟ್ಯಾಂಪರ್ ಇದರ ತಿರುವುಮುರುವು: ಸರ್ಕ್ಯೂಟ್ ಸದಾ ಕೂಡಿರಬೇಕು, ಕ್ಷಣಮಾತ್ರ ಬಿಟ್ಟರೂ ಕೂಗಬೇಕು.

2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕಿಲೋಗೂ ಹೆಚ್ಚು ಚಿನ್ನ ಕಳುವಾಯಿತು. ಒಳಹೊಕ್ಕವರು ಅಲಾರಂ ಕೆಡಿಸಿ, ಸಿಸಿಟಿವಿಯ ಡಿವಿಆರ್ ಅನ್ನೇ ಹೊತ್ತೊಯ್ದಿದ್ದರು. ಕಾವಲಿನ ಮೇಲೆಯೇ ಕೈಯಿಡುವವರು ಇದ್ದಾರೆ. ಆದ್ದರಿಂದ “ಸುಮ್ಮನೆ ಕೂಗುತ್ತದೆ, ಆ ಝೋನ್ ಬೈಪಾಸ್ ಮಾಡಿಬಿಡಿ” ಎಂದು ಆ ಭಾಗದ ಕಾವಲನ್ನೇ ತಪ್ಪಿಸುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ.

ಸಾಮಾನ್ಯ ಅಲಾರಂ ಕೇಬಲ್‌ನಲ್ಲಿ ಆರು ಎಳೆ: ಎರಡು ಕರೆಂಟಿಗೆ, ಎರಡು ಅಲಾರಂಗೆ, ಎರಡು ಟ್ಯಾಂಪರ್‌ಗೆ.

ಕಳ್ಳನಿಲ್ಲದೆಯೂ ಟ್ಯಾಂಪರ್ ಕೂಗುವುದೇಕೆ? ಮೊದಲ ಕಾರಣ ಉಪ್ಪು. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅದರ ಅರ್ಧದಷ್ಟು ತೇವವೂ ಬೇಕಿಲ್ಲ. ಸಾಣಿಕಟ್ಟೆಯ ಉಪ್ಪಿನಾಗರ ಇರುವ ಕುಮಟಾ ತಾಲೂಕಿನವರಿಗೆ ಉಪ್ಪು ಬೆವರುವುದು ಹೊಸ ಸಂಗತಿಯಲ್ಲ. ಅದೇ ಉಪ್ಪು ಕಡಲ ಗಾಳಿಯೊಡನೆ ಬಂದು ಹೂಟರ್ ಪೆಟ್ಟಿಗೆಯೊಳಗಿನ ಟರ್ಮಿನಲ್ ಮೇಲೆ ತೆಳ್ಳಗೆ ಕೂತಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಈ ದಂಡೆಯಲ್ಲಿ ಆ ಪದರ ಮಳೆಗಾಲದುದ್ದಕ್ಕೂ ಒಣಗುವುದೇ ಕಷ್ಟ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಸ್ವಿಚ್ಚಿನ ಸ್ಪ್ರಿಂಗಿಗೆ ತುಕ್ಕು. ಎಳೆ ಪೂರ್ತಿ ಕಡಿದುಹೋಗಿದ್ದರೆ ದೋಷ ಒಂದೇ ದಿನದಲ್ಲಿ ಸಿಗುತ್ತಿತ್ತು. ಕಿಲುಬು ಹಾಗಲ್ಲ, ಇವತ್ತು ಬಿಡಿಸುತ್ತದೆ, ನಾಳೆ ಕೂಡಿಸುತ್ತದೆ. ಬಂದು ಹೋಗುವ ಟ್ಯಾಂಪರ್ ದೋಷಕ್ಕೆ ನಮ್ಮ ಕರಾವಳಿಯಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಹೂಟರ್ ಪೆಟ್ಟಿಗೆಗೆ ಬೆನ್ನಿನಲ್ಲೂ ಒಂದು ಸ್ವಿಚ್ ಇರುವುದುಂಟು. ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತರೆ ಅದು ಬಿಡುತ್ತದೆ. ಚಿರೆಕಲ್ಲಿನ ಗೋಡೆಯ ಗಾರೆ ಉದುರಿ ಪ್ಲಗ್ ಸಡಿಲಾದರೆ ಕೀಳುವವರೇ ಬೇಡ, ಜೂನ್ ತಿಂಗಳ ಒಂದು ಜೋರು ಗಾಳಿ ಸಾಕು.

ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ತಾಮ್ರಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗುತ್ತದೆ. ಅದು ಕೊಂಚ ಬಾಗಿದರೂ ಒಳಗಿನ ಸ್ವಿಚ್ ಒತ್ತುವ ಕಡ್ಡಿ ಸರಿಯಾಗಿ ತಾಗದು.

ಇರುವೆ, ಹಲ್ಲಿ, ಮಣ್ಣಿನ ಗೂಡು ಕಟ್ಟುವ ಕಣಜ: ಇವು ಸೆನ್ಸರ್ ಒಳಗೆ ಸಂಸಾರ ಹೂಡುವುದು ಕೇಬಲ್ ತೂರಿಸಿದ ತೂತು ತೆರೆದೇ ಉಳಿದಾಗ.

ಈಗ ಮುಖ್ಯ ಮಾತು. ದೋಷ ಯಾವಾಗ ಬಂತು ಎಂಬುದೇ ಎಲ್ಲಿ ಇದೆ ಎಂಬುದನ್ನು ಹೇಳುತ್ತದೆ. ಹೆಚ್ಚಿನ ಪ್ಯಾನಲ್‌ಗಳು ಪ್ರತಿ ಘಟನೆಯ ದಿನಾಂಕ, ಗಂಟೆ, ಝೋನ್ ಬರೆದಿಡುತ್ತವೆ. ಕೀಪ್ಯಾಡ್‌ನಲ್ಲಿ ರೀಸೆಟ್ ಒತ್ತುವ ಮೊದಲು ಅದನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಮಧ್ಯಾಹ್ನ ಎರಡು ಮೂರರ ಸುಮಾರಿಗೆ ಬರುತ್ತಿದ್ದರೆ ಪಡುವಣ ಗೋಡೆಯ ಬಿಸಿಲಿಗೆ ಕಾದ ಪೆಟ್ಟಿಗೆ ನೋಡಿ. ನಸುಕಿನಲ್ಲಾದರೆ ಇಬ್ಬನಿ ಇಳಿಯುವ ಜಾಯಿಂಟ್. ಮಳೆ ಶುರುವಾದ ಮೇಲೆ ತಡೆದು ಬಂದರೆ ಗೋಡೆಯೊಳಗೆ ನೀರು ಇಳಿಯುವ ಹಾದಿ ಹುಡುಕಿ. ಬಾಗಿಲು ದಡಾರನೆ ಮುಚ್ಚಿದಾಗ ಬಂದರೆ ಟರ್ಮಿನಲ್ ಸ್ಕ್ರೂ ಸಡಿಲ. ಬಾವಿಯ ಪಂಪ್ ಶುರುವಾದಾಗಲೇ ಬಂದರೆ, ಪಂಪಿನ ವೈರಿಗೆ ಅಂಟಿಕೊಂಡು ಅಲಾರಂ ಕೇಬಲ್ ಎಷ್ಟು ದೂರ ಓಡಿದೆ ಎಂದು ನೋಡಬೇಕು.

ಬಿಚ್ಚುವ ಮೊದಲು ಅಕ್ಕಪಕ್ಕದವರಿಗೂ, ನಿಗಾ ಕೇಂದ್ರಕ್ಕೆ ಜೋಡಣೆ ಇದ್ದರೆ ಅವರಿಗೂ ತಿಳಿಸಿ. ಪ್ಯಾನಲ್ ಒಳಗೆ 230 ವೋಲ್ಟ್ ಇರುತ್ತದೆ. ಮೇನ್ಸ್ ತೆಗೆದರೂ 12 ವೋಲ್ಟ್ ಬ್ಯಾಟರಿ ಜೀವಂತ.

ಹದಿನಾರು ಸೆನ್ಸರ್‌ಗಳು ಒಂದೇ ಟ್ಯಾಂಪರ್ ಸಾಲಿನಲ್ಲಿದ್ದರೆ ಹದಿನಾರು ಬಾರಿ ಪರೀಕ್ಷೆ ಬೇಕೇ? ಬೇಡ, ನಾಲ್ಕು ಸಾಕು. ಸಾಲಿನ ಅರ್ಧವನ್ನು ತಾತ್ಕಾಲಿಕ ತಂತಿಯಿಂದ ಹೊರಗಿಡಿ. ದೋಷ ಮತ್ತೆ ಬಂದರೆ ಅದು ಉಳಿದ ಅರ್ಧದಲ್ಲಿದೆ. ಅದನ್ನೂ ಅರ್ಧ ಮಾಡಿ: ಎಂಟು, ನಾಲ್ಕು, ಎರಡು, ಒಂದು. ಆದರೆ ಬಂದು ಹೋಗುವ ದೋಷದಲ್ಲಿ ಪ್ರತಿ ಹಂತಕ್ಕೂ ಕಾಯಬೇಕು, ಅದೇ ಬಿಸಿಲು ಅಥವಾ ಅದೇ ಮಳೆ ಮತ್ತೊಮ್ಮೆ ಹಾದುಹೋಗುವ ತನಕ. ಆತುರಪಟ್ಟು ಎಲ್ಲ ಸೆನ್ಸರ್ ಒಟ್ಟಿಗೆ ಬದಲಿಸುವವರು ಹಣ ಕಳೆದುಕೊಳ್ಳುತ್ತಾರೆ, ದೋಷ ಮಾತ್ರ ಕೇಬಲ್‌ನಲ್ಲೇ ಉಳಿದಿರುತ್ತದೆ. ತಾತ್ಕಾಲಿಕ ತಂತಿ ಹಾಕಿದಲ್ಲೆಲ್ಲ ಕೆಂಪು ಚೀಟಿ ಕಟ್ಟಿ. ಆ ಭಾಗಕ್ಕೆ ಅಷ್ಟು ದಿನ ಟ್ಯಾಂಪರ್ ರಕ್ಷಣೆ ಇಲ್ಲ.

ಮಲ್ಟಿಮೀಟರ್‌ನ ಬೀಪ್ ಸದ್ದನ್ನು ನಂಬಬೇಡಿ. ಹಲವು ಮೀಟರುಗಳು ಇಪ್ಪತ್ತು ಮೂವತ್ತು ಓಮ್ ಇದ್ದರೂ ಬೀಪ್ ಎನ್ನುತ್ತವೆ. ಕಿಲುಬು ಹಿಡಿದ ಜಾಯಿಂಟ್ ಅಷ್ಟರಲ್ಲೇ ಅಡಗಿ ಕೂರಬಲ್ಲದು. ಅಂಕಿ ಓದಿ. 0.22 ಚದರ ಮಿಲಿಮೀಟರ್ ತಾಮ್ರದ ಎಳೆಗೆ 100 ಮೀಟರಿಗೆ ಸುಮಾರು 8 ಓಮ್, ಹೋಗಿ ಬರುವ ಎರಡೂ ಎಳೆ ಸೇರಿ 16. ಮೂವತ್ತು ಮೀಟರಿನ ಓಟಕ್ಕೆ 5 ಓಮ್ ಬರಬೇಕಾದಲ್ಲಿ 40 ತೋರಿಸಿದರೆ, ಅದೂ ಕೇಬಲ್ ಅಲುಗಿಸಿದಾಗ ಅಂಕಿ ಕುಣಿದರೆ, ದೋಷ ನಿಮ್ಮ ಬೆರಳ ಕೆಳಗೇ ಇದೆ.

ಆದರೆ ಕೆಲವು ಪ್ಯಾನಲ್‌ಗಳಲ್ಲಿ ಅಲಾರಂಗೂ ಟ್ಯಾಂಪರ್‌ಗೂ ಒಂದೇ ಜೋಡಿ ತಂತಿ. ಸೆನ್ಸರ್ ತುದಿಯಲ್ಲಿ ಎರಡು ರೆಸಿಸ್ಟರ್ ಇರುತ್ತವೆ. 2.2 ಮತ್ತು 4.7 ಕಿಲೋ ಓಮ್‌ನ ಜೋಡಿಯಾದರೆ ಶಾಂತ ಸ್ಥಿತಿಯಲ್ಲಿ 2.2, ಕಳ್ಳ ಬಂದಾಗ 6.9, ತಂತಿ ಕಡಿದರೆ ಅನಂತ, ಶಾರ್ಟ್ ಆದರೆ ಸೊನ್ನೆ. ಪ್ಯಾನಲ್ ಈ ಅಂಕಿಗಳಿಂದಲೇ ಸ್ಥಿತಿ ಗುರುತಿಸುತ್ತದೆ. ಯಾವ ಬೆಲೆಯ ರೆಸಿಸ್ಟರ್ ಬೇಕೆಂಬುದು ಪ್ಯಾನಲ್‌ನ ಕೈಪಿಡಿಯಲ್ಲಿರುತ್ತದೆ. ಅಂದಾಜಿನಲ್ಲಿ ಬೇರೆಯದನ್ನು ಹಾಕಬೇಡಿ.

ಸೆನ್ಸರ್ ಜೋಡಿಸಿರುವಾಗಲೇ 500 ವೋಲ್ಟಿನ ಮೆಗ್ಗರ್ (ತಂತಿಯ ಹೊದಿಕೆ ಪರೀಕ್ಷಿಸುವ ಮೀಟರ್) ಹಚ್ಚಿದರೆ ಸೆನ್ಸರ್ ಸುಟ್ಟೀತು. ಎರಡೂ ತುದಿ ಬಿಡಿಸಿದ ಬರೀ ಕೇಬಲ್‌ಗೆ ಮಾತ್ರ ಅದು.

ಎಳೆಗಳನ್ನು ತಿರುಚಿ ಕಪ್ಪು ಟೇಪ್ ಸುತ್ತಿದ ಜಾಯಿಂಟ್ ಈ ಕರಾವಳಿಯಲ್ಲಿ ಬಾಳುವುದಿಲ್ಲ. ಬೆಸುಗೆ ಹಾಕಿ ಹೀಟ್‌ಶ್ರಿಂಕ್ ಕೊಳವೆ ಏರಿಸಬೇಕು, ಇಲ್ಲವೇ ಒಳಗೆ ಜೆಲ್ ತುಂಬಿದ ಕನೆಕ್ಟರ್ ಹಾಕಬೇಕು. ಹೊರಗೋಡೆಯ ಪೆಟ್ಟಿಗೆಗೆ ಹೋಗುವ ಕೇಬಲ್ ಕೆಳಗೊಮ್ಮೆ ಬಾಗಿ ಆಮೇಲೆ ಮೇಲೇರಿ ಒಳಹೊಕ್ಕರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ದುರಸ್ತಿಯಾದ ಮೇಲೆ ಪ್ರತಿ ಸೆನ್ಸರ್, ಹೂಟರ್, ಪ್ಯಾನಲ್‌ನ ಮುಚ್ಚಳವನ್ನು ಒಂದೊಂದಾಗಿ ಬೇಕೆಂದೇ ಬಿಚ್ಚಿ ಕೀಪ್ಯಾಡ್ ನೋಡಿ. ಯಾವುದನ್ನು ತೆರೆದಾಗ ಟ್ಯಾಂಪರ್ ತೋರಿಸುವುದಿಲ್ಲವೋ, ಅಲ್ಲಿ ಹಿಂದೆಂದೋ ಯಾರೋ ತುಂಡು ತಂತಿಯಿಂದ ಟ್ಯಾಂಪರನ್ನು ಶಾರ್ಟ್ ಮಾಡಿಟ್ಟಿರುವ ಸಾಧ್ಯತೆ ಹೆಚ್ಚು. ಆ ತುಂಡನ್ನು ತೆಗೆಯಿಸಿದ ಮೇಲೆಯೇ ಬಿಲ್ ಪಾವತಿಸಿ.