ಹದಿನೇಳು ಮಿಲಿಸೆಕೆಂಡಿನ ಲೆಕ್ಕ: ಗೇಮಿಂಗ್ ಪಿಸಿಯೋ, ಕನ್ಸೋಲೋ?

ಪಿಯುಸಿ ಪರೀಕ್ಷೆ ಮುಗಿಸಿದ ಅಕ್ಕನ ಮಗ ಮೊನ್ನೆ ಮನೆಗೆ ಬಂದವನೇ ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿಟ್ಟ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಬರೆಸಿಕೊಂಡು ಬಂದ ಕೊಟೇಷನ್. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಒಂದರ ಕೆಳಗೊಂದು ಏಳು ಸಾಲು, ಎದುರಿಗೆ ಬೆಲೆ. ಗ್ರಾಫಿಕ್ಸ್ ಕಾರ್ಡಿನ ಬೆಲೆಯ ಕೆಳಗೆ ಮಾತ್ರ ಎರಡು ಗೆರೆ ಎಳೆದಿದ್ದ.

"ಮಾವ, ಇದರ ಅರ್ಧ ದುಡ್ಡಿಗೆ ಪ್ಲೇಸ್ಟೇಷನ್ 5 ಬರುತ್ತೆ. ಆದ್ರೆ ಫ್ರೆಂಡ್ಸ್ ಎಲ್ಲಾ ಪಿಸೀನೇ ತಗೋ ಅಂತಾರೆ. ಯಾವುದು ಪವರ್‌ಫುಲ್ಲು, ನೀವೇ ಹೇಳಿ" ಅಂದ.

ಪವರ್ ಒಂದನ್ನೇ ಅಳೆಯಲು ಹೊರಟರೆ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಎರಡೂ ಪೆಟ್ಟಿಗೆಯ ಒಳಗೆ ಈಗ ಇರುವುದು ಒಂದೇ ಜಾತಿಯ ಚಿಪ್. ವ್ಯತ್ಯಾಸವಿರುವುದು ಆ ಪೆಟ್ಟಿಗೆಯ ಒಳಗುಟ್ಟು ಯಾರಿಗೆ ಗೊತ್ತು ಎಂಬುದರಲ್ಲಿ. ಕನ್ಸೋಲಿನ ಒಳಗುಟ್ಟು ಆಟ ಬರೆದವರಿಗೆ ಪೂರ್ತಿ ಗೊತ್ತಿರುತ್ತದೆ. ಪಿಸಿಯದು ಕೊಂಡವರಿಗೆ ಗೊತ್ತಿರಬೇಕು. ನನ್ನ ಮಟ್ಟಿಗೆ ಉಳಿದ ವಾದವೆಲ್ಲ ಈ ಒಂದು ಬೇರಿನಿಂದ ಹೊರಟ ಕೊಂಬೆಗಳು.

ಮೊದಲು ಪರದೆಯ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಕ್ರಿಕೆಟ್ ಆಟವನ್ನೇ ತೆಗೆದುಕೊಳ್ಳಿ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಒಂದು ಕ್ರೀಸಿನಿಂದ ಇನ್ನೊಂದು ಕ್ರೀಸಿಗೆ 17.7 ಮೀಟರ್. ನೆಲಕ್ಕೆ ಬಡಿದಾಗ ವೇಗ ತಗ್ಗುವುದನ್ನು ಬಿಟ್ಟು ಲೆಕ್ಕ ಹಾಕಿದರೆ ಚೆಂಡು ಬ್ಯಾಟಿನ ಬಳಿ ಬರಲು ಅರ್ಧ ಸೆಕೆಂಡೂ ಬೇಡ. ಪರದೆಯ ಮೇಲಿನ ಚೆಂಡು ನಿಜವಾಗಿ ಓಡುವುದಿಲ್ಲ. ಬಿಡಿಬಿಡಿ ಚಿತ್ರಗಳು ಸರಸರನೆ ಬದಲಾಗುತ್ತವೆ, ಅಷ್ಟೆ. ಅಂಥ ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಚೆಂಡು 1.3 ಮೀಟರ್ ಜಿಗಿದಿರುತ್ತದೆ. ಬೌಲರ್ ಕೈಯಿಂದ ಬ್ಯಾಟಿಗೆ ಬರುವಷ್ಟರಲ್ಲಿ ನಿಮಗೆ ಕಾಣುವುದು ಹದಿಮೂರೋ ಹದಿನಾಲ್ಕೋ ಚಿತ್ರ. ಸೆಕೆಂಡಿಗೆ 60 ಆದರೆ ಜಿಗಿತ 65 ಸೆಂಟಿಮೀಟರಿಗೆ ಇಳಿಯುತ್ತದೆ, ಕಾಣುವ ಚಿತ್ರಗಳು 27 ಆಗುತ್ತವೆ. ಚೆಂಡು ಎಲ್ಲಿ ಪಿಚ್ ಆಗುತ್ತದೆಂದು ಅಂದಾಜು ಮಾಡಲು ಕಣ್ಣಿಗೆ ಎರಡರಷ್ಟು ಸುಳಿವು ಸಿಕ್ಕಂತಾಯಿತು. 60 ಫ್ರೇಮಿನಲ್ಲಿ ಆಡಿ ರೂಢಿಯಾದವರಿಗೆ 30 ಏಕೆ ಹಿಡಿಸುವುದಿಲ್ಲ ಎನ್ನುವುದಕ್ಕೆ ಈ ಲೆಕ್ಕವೇ ಉತ್ತರ.

ಸೆಕೆಂಡಿಗೆ 60 ಎಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. ನೀವು ಒತ್ತಿದ ಗುಂಡಿಯನ್ನು ಓದುವುದು, ಚೆಂಡಿನ ದಾರಿ ಲೆಕ್ಕ ಹಾಕುವುದು, ಹನ್ನೊಂದು ಫೀಲ್ಡರುಗಳು ಎತ್ತ ಓಡಬೇಕೆಂದು ತೀರ್ಮಾನಿಸುವುದು ಇವೆಲ್ಲ ಪ್ರೊಸೆಸರಿನ ಪಾಲು. ಅದು ಮುಗಿದ ಮೇಲೆ ಗ್ರಾಫಿಕ್ಸ್ ಚಿಪ್ ಲಕ್ಷಾಂತರ ತ್ರಿಕೋನಗಳನ್ನು ಜೋಡಿಸಿ, ಬೆಳಕು ನೆರಳು ಲೆಕ್ಕ ಹಾಕಿ, ಪರದೆಯ ಒಂದೊಂದು ಚುಕ್ಕೆಗೂ ಬಣ್ಣ ತುಂಬಬೇಕು. ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಚುಕ್ಕೆಗಳು, 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು, ಅಂದರೆ 82,94,400. ಇದನ್ನೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರು, ಸೆಕೆಂಡಿಗೆ ಅರವತ್ತು ಸಲ.

ಇನ್ನು ಹುಡುಗರು ಬಾಯಿಪಾಠ ಮಾಡಿಕೊಂಡಿರುವ ಟೆರಾಫ್ಲಾಪ್ ವಿಚಾರ. ಪ್ಲೇಸ್ಟೇಷನ್ 5ರದು 10.28 ಟೆರಾಫ್ಲಾಪ್ ಎನ್ನುತ್ತಾರೆ. ಈ ಸಂಖ್ಯೆಯನ್ನು ಬೆರಳೆಣಿಕೆಯಲ್ಲೇ ಬಿಡಿಸಬಹುದು. ಅದರ ಗ್ರಾಫಿಕ್ಸ್ ಭಾಗದಲ್ಲಿ 36 ಗುಂಪುಗಳಿವೆ, ಒಂದೊಂದರಲ್ಲಿ 64 ಗಣಕಗಳು, ಒಟ್ಟು 2,304. ಪ್ರತಿಯೊಂದೂ ಒಂದು ಬಡಿತಕ್ಕೆ ಒಂದು ಗುಣಾಕಾರ, ಒಂದು ಸಂಕಲನ ಮಾಡುತ್ತದೆ. ಸೆಕೆಂಡಿಗೆ ಗರಿಷ್ಠ 223 ಕೋಟಿ ಬಡಿತ. ಗುಣಿಸಿ ನೋಡಿ, 10.28 ಲಕ್ಷ ಕೋಟಿ ಲೆಕ್ಕ ಬರುತ್ತದೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು ಇದೇ ರೀತಿಯಲ್ಲಿ 12.15. ಕಾಗದದ ಮೇಲೆ ಅದು ಮುಂದಿದ್ದರೂ ಎರಡರಲ್ಲೂ ಬಂದ ಎಷ್ಟೋ ಆಟಗಳು ಹೆಚ್ಚುಕಡಿಮೆ ಒಂದೇ ರೀತಿ ಓಡಿದವು. ಕೊಟೇಷನ್ ಚೀಟಿಯಲ್ಲಿದ್ದ ಆರ್‌ಟಿಎಕ್ಸ್ 4060 ಕಾರ್ಡಿನದು ಸುಮಾರು 15. ಆದರೂ ಆಟ ಒಂದೂವರೆ ಪಟ್ಟು ಚುರುಕಾಗುತ್ತದೆ ಎಂದೇನಿಲ್ಲ. ಎತ್ತಿನ ಬಲ ಎಷ್ಟಿದ್ದರೇನು, ಗಾಡಿಗೆ ದಾರಿಯೂ ಇರಬೇಕಲ್ಲ.

ಆ ದಾರಿಯೇ ಮೆಮೊರಿ. ಕನ್ಸೋಲನ್ನು ಅವಿಭಕ್ತ ಕುಟುಂಬ ಎಂದುಕೊಳ್ಳಿ. ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ 16 ಜಿಬಿಯ ಒಂದೇ ಉಗ್ರಾಣ. ಪ್ಲೇಸ್ಟೇಷನ್ 5ರಲ್ಲಿ ಅಲ್ಲಿಂದ ಸೆಕೆಂಡಿಗೆ 448 ಜಿಬಿ ಸರಕು ಹೊರಡುತ್ತದೆ. ಪಿಸಿಯಲ್ಲಿ ಅಣ್ಣತಮ್ಮಂದಿರು ಪಾಲಾಗಿದ್ದಾರೆ. ಪ್ರೊಸೆಸರಿನ ರ‍್ಯಾಮ್ ಮದರ್‌ಬೋರ್ಡಿನ ಮೇಲೆ, ಗ್ರಾಫಿಕ್ಸಿನ ಮೆಮೊರಿ ಅದರದೇ ಕಾರ್ಡಿನ ಮೇಲೆ. ಒಂದು ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಲು ನಡುವೆ ಒಂದು ಓಣಿ. 4060ರಂಥ ಕಾರ್ಡಿನಲ್ಲಿ ಆ ಓಣಿಯಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ ಸಾಗುವುದು ಸುಮಾರು 16 ಜಿಬಿ. ಕಾರ್ಡಿನ 8 ಜಿಬಿಯೊಳಗೆ ಆಟದ ಚಿತ್ರಸಾಮಗ್ರಿ ಹಿಡಿಸಿದರೆ ತೊಂದರೆಯೇ ಇಲ್ಲ. ತುಂಬಿ ತುಳುಕಿತೋ, ಓಣಿಯಲ್ಲಿ ಎತ್ತಿನಗಾಡಿಗಳ ಸಾಲು ನಿಲ್ಲುತ್ತದೆ, ಪರದೆ ತಡವರಿಸುತ್ತದೆ. ಕಾರ್ಡ್ ಕೊಳ್ಳುವವರು ಟೆರಾಫ್ಲಾಪ್‌ಗಿಂತ ಮೊದಲು ಅದರ ಮೆಮೊರಿ ಎಷ್ಟೆಂದು ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ತಡವರಿಕೆಗೆ ಇನ್ನೊಂದು ಕಾರಣವೂ ಇದೆ. ನೀರು ಹೇಗೆ ಹೊಳೆಯಬೇಕು, ಚರ್ಮದ ಮೇಲೆ ಬೆಳಕು ಹೇಗೆ ಬೀಳಬೇಕು ಎಂದು ಗ್ರಾಫಿಕ್ಸ್ ಚಿಪ್‌ಗೆ ಹೇಳಿಕೊಡುವ ಪುಟ್ಟ ಪುಟ್ಟ ಪ್ರೋಗ್ರಾಂಗಳಿಗೆ ಶೇಡರ್ ಎಂದು ಹೆಸರು. ಒಂದು ದೊಡ್ಡ ಆಟದಲ್ಲಿ ಇವು ಸಾವಿರಗಟ್ಟಲೆ. ಒಂದೊಂದು ಬಗೆಯ ಚಿಪ್ಪಿಗೂ ಅದರದೇ ಯಂತ್ರಭಾಷೆ ಇರುವುದರಿಂದ ಶೇಡರುಗಳನ್ನು ಅದಕ್ಕೆ ತಕ್ಕಂತೆ ಅನುವಾದಿಸಬೇಕು. ಪ್ಲೇಸ್ಟೇಷನ್ 5 ಕೋಟಿಗಟ್ಟಲೆ ಮಾರಾಟವಾದರೂ ಅವುಗಳ ಚಿಪ್ ಒಂದೇ. ಹಾಗಾಗಿ ಅನುವಾದ ಸ್ಟುಡಿಯೋದಲ್ಲೇ ಮುಗಿದಿರುತ್ತದೆ. ಪಿಸಿಗಳಲ್ಲಾದರೆ ನೂರಾರು ಬಗೆಯ ಕಾರ್ಡುಗಳು. ಆಟ ಬರೆದವರಿಗೆ ನಿಮ್ಮ ಮನೆಯಲ್ಲಿ ಯಾವುದಿದೆ ಎಂದು ಗೊತ್ತಿಲ್ಲ. ಅನುವಾದವನ್ನು ನಿಮ್ಮ ಯಂತ್ರವೇ ಮಾಡಿಕೊಳ್ಳಬೇಕು. 2023ರ ಮಾರ್ಚ್‌ನಲ್ಲಿ 'ದಿ ಲಾಸ್ಟ್ ಆಫ್ ಅಸ್ ಭಾಗ 1' ಪಿಸಿಗೆ ಬಂದಾಗ ಆಟ ಶುರುವಾಗುವ ಮೊದಲು ಶೇಡರ್ ಸಿದ್ಧವಾಗಲೆಂದು ಜನ ಬಹಳ ಹೊತ್ತು ಕಾದರು. ಪ್ಲೇಸ್ಟೇಷನ್‌ನಲ್ಲಿ ಅದೇ ಆಟಕ್ಕೆ ಆ ಕಾಯುವಿಕೆ ಇರಲಿಲ್ಲ. ಅರ್ಧ ಬೆಲೆಯ ಪೆಟ್ಟಿಗೆ ದುಬಾರಿ ಪಿಸಿಯ ಸಮಕ್ಕೆ ನಿಲ್ಲುವುದರ ಗುಟ್ಟು ಇಲ್ಲಿದೆ. ಒಂದೇ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಪಳಗಿದ ಕೈ ಅದರ ಹಿಂದೆ ಇರುತ್ತದೆ.

ಕನ್ಸೋಲಿಗೂ ಪಿಸಿಗೂ ಒಂದೇ ಜಾತಿಯ ಚಿಪ್ ಎನ್ನುವುದು ಮೊದಲಿನಿಂದಲೂ ಇದ್ದದ್ದಲ್ಲ. 2006ರ ಪ್ಲೇಸ್ಟೇಷನ್ 3ರಲ್ಲಿ ಸೋನಿ, ತೋಷಿಬಾ, ಐಬಿಎಂ ಸೇರಿ ರೂಪಿಸಿದ 'ಸೆಲ್' ಎಂಬ ವಿಚಿತ್ರ ಪ್ರೊಸೆಸರ್ ಇತ್ತು. ಲೆಕ್ಕದಲ್ಲಿ ಹುಲಿ, ಪಳಗಿಸುವುದು ಕಷ್ಟ. ಅಮೆರಿಕದ ವಾಯುಪಡೆಯ ಸಂಶೋಧನಾಲಯ 2010ರಲ್ಲಿ 1,760 ಪ್ಲೇಸ್ಟೇಷನ್ 3ಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರನ್ನೇ ಕಟ್ಟಿತು. ಆದರೆ ಆಟ ಬರೆಯುವವರು ಹೈರಾಣಾದರು. 2013ರಲ್ಲಿ ಸೋನಿ, ಮೈಕ್ರೋಸಾಫ್ಟ್ ಎರಡೂ ಎಎಂಡಿ ಕಂಪನಿಯ, ಪಿಸಿ ವಂಶದ ಚಿಪ್ಪಿಗೆ ಬಂದವು. 2020ರ ಕನ್ಸೋಲುಗಳದೂ ಅದೇ ದಾರಿ. ಆ ಎಎಂಡಿ 2023ರ ನವೆಂಬರ್‌ನಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಚಿಪ್ ವಿನ್ಯಾಸ ಎಲ್ಲೋ ದೂರದವರ ಕೆಲಸ ಎಂದುಕೊಂಡಿರುವ ನಮ್ಮ ಹುಡುಗರಿಗೆ ಈ ಮಾತನ್ನು ಹೇಳಲೇಬೇಕು.

ಪ್ಲೇಸ್ಟೇಷನ್ 3ರ ಕಥೆಯಲ್ಲಿ ಇನ್ನೊಂದು ಘಟನೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅದರಲ್ಲಿ ಮೊದಲು ಲಿನಕ್ಸ್ ಹಾಕಿಕೊಂಡು ಅದನ್ನು ಕಂಪ್ಯೂಟರಿನಂತೆ ಬಳಸಬಹುದಿತ್ತು. 2010ರ ಏಪ್ರಿಲ್‌ನಲ್ಲಿ ಬಂದ ಒಂದು ಅಪ್‌ಡೇಟ್ ಆ ಸೌಲಭ್ಯವನ್ನು ತೆಗೆದುಹಾಕಿತು. ದುಡ್ಡು ಕೊಟ್ಟು ಕೊಂಡ ಯಂತ್ರ ಏನು ಮಾಡಬಹುದು, ಏನು ಮಾಡಬಾರದು ಎಂದು ತಯಾರಿಸಿದವರು ಮನೆಯೊಳಗೇ ಬಂದು ತೀರ್ಮಾನಿಸಿದಂತೆ ಅದು. ಒಳಗುಟ್ಟು ಇನ್ನೊಬ್ಬರ ಕೈಯಲ್ಲಿರುವುದರ ಬೆಲೆ ಇದೇ.

ಪಿಸಿಯ ಬೀಗದ ಕೈ ನಿಮ್ಮ ಬಳಿಯೇ ಇರುತ್ತದೆ. 2017ರಲ್ಲಿ ಕೊಂಡ, ಎಎಂಡಿ ಪ್ರೊಸೆಸರುಗಳಿಗೆಂದೇ ಇರುವ ಎಎಂ4 ಮದರ್‌ಬೋರ್ಡಿಗೆ, ಅದರ ತಯಾರಕರು ಬಯೋಸ್ ಅಪ್‌ಡೇಟ್ ಕೊಟ್ಟಿದ್ದರೆ, 2022ರಲ್ಲಿ ಬಂದ ಹೊಸ ಪ್ರೊಸೆಸರನ್ನು ಕೂರಿಸಬಹುದಾಗಿತ್ತು. ಅದಕ್ಕಿಂತ ದೊಡ್ಡ ಮಾತು ಗ್ರಾಫಿಕ್ಸ್ ಕಾರ್ಡಿನದು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಝೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಜೆಫ್ರಿ ಹಿಂಟನ್ ಚಿತ್ರಗಳನ್ನು ಗುರುತಿಸುವ 'ಅಲೆಕ್ಸ್‌ನೆಟ್' ಎಂಬ ನರಜಾಲಕ್ಕೆ ತರಬೇತಿ ಕೊಟ್ಟದ್ದು ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ, ತಲಾ 3 ಜಿಬಿ ಮೆಮೊರಿಯವು. ಹುಡುಗರು ಆಟಕ್ಕೆಂದು ಕೊಳ್ಳುತ್ತಿದ್ದ ಕಾರ್ಡುಗಳೇ ಅವು. ನರಜಾಲಕ್ಕೆ ಬೇಕಾದದ್ದೂ ಅದೇ ಗುಣಾಕಾರ, ಅದೇ ಸಂಕಲನ, ಏಕಕಾಲಕ್ಕೆ ಸಾವಿರಾರು. ಇಂದಿನ ಕೃತಕ ಬುದ್ಧಿಮತ್ತೆಯ ಅಲೆ ಎದ್ದದ್ದು ಅಲ್ಲಿಂದ. ಹಿಂಟನ್ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. ಎಂಜಿನಿಯರಿಂಗ್ ಸೇರಲಿರುವ ಹುಡುಗನ ಕೋಣೆಯಲ್ಲಿ ಅಂಥದೊಂದು ಕಾರ್ಡ್ ಇರುವುದನ್ನು ನಾನು ಬರೀ ಆಟದ ಖರ್ಚು ಎಂದು ಲೆಕ್ಕ ಹಾಕಲಾರೆ. ಬ್ಲೆಂಡರ್, ಗೊಡೋಗಳಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ಆಟ ಆಡುವವನು ಆಟ ಕಟ್ಟುವವನೂ ಆಗಬಹುದು.

ದುಡ್ಡಿನ ವಿಚಾರ ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು, ಡಿಸ್ಕ್ ಇರುವ ಮಾದರಿಗೆ 49,990 ರೂಪಾಯಿ. 2022ರ ನವೆಂಬರ್‌ನಲ್ಲಿ ಅದು 54,990 ಆಯಿತು. ಹಳೆಯದಾದಂತೆ ಕನ್ಸೋಲ್ ಅಗ್ಗವಾಗುತ್ತದೆ ಎಂಬ ನಂಬಿಕೆಯನ್ನು ಈಗ ಬಿಟ್ಟುಬಿಡಿ. ಪೆಟ್ಟಿಗೆಯಲ್ಲಿ ಹೆಚ್ಚು ಲಾಭ ಇಟ್ಟುಕೊಳ್ಳದೆ ಆಟಗಳ ಮಾರಾಟದಲ್ಲಿ ಗಳಿಸುವುದು ಕನ್ಸೋಲ್ ಕಂಪನಿಗಳ ರೀತಿ. ದುಡ್ಡು ಕೊಟ್ಟು ಕೊಂಡ ಹೆಚ್ಚಿನ ಆಟಗಳನ್ನು ಗೆಳೆಯರೊಂದಿಗೆ ಆನ್‌ಲೈನಿನಲ್ಲಿ ಆಡಲು ಚಂದಾ ಬೇರೆ ಕಟ್ಟಬೇಕು. ಪಿಸಿಯಲ್ಲಿ ಆ ಚಂದಾ ಸಾಮಾನ್ಯವಾಗಿ ಇಲ್ಲ, ಆಟಗಳೂ ಸೇಲಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಕರೆಂಟಿನ ವಿಷಯದಲ್ಲಿ ಕನ್ಸೋಲ್ ಮೇಲು: ಭಾರೀ ಆಟಕ್ಕೆ ಸುಮಾರು 200 ವಾಟ್ ಎಂದಿಟ್ಟುಕೊಂಡರೆ ದಿನಕ್ಕೆರಡು ಗಂಟೆಯಂತೆ ತಿಂಗಳಿಗೆ 12 ಯೂನಿಟ್. ಆ ವಾಟುಗಳೆಲ್ಲ ಕೊನೆಗೆ ಕೋಣೆಯ ಬಿಸಿಯಾಗುತ್ತವೆ. ಕಲಬುರಗಿಯ ಏಪ್ರಿಲ್‌ನಲ್ಲಿ ಇದು ಸಣ್ಣ ಮಾತಲ್ಲ.

ಲ್ಯಾಪ್‌ಟಾಪ್ ಕೊಳ್ಳೋಣ ಎನ್ನುವವರಿಗೆ ಒಂದು ಎಚ್ಚರಿಕೆ. ಆರ್‌ಟಿಎಕ್ಸ್ 4060 ಎಂಬ ಹೆಸರು ಹೊತ್ತ ಲ್ಯಾಪ್‌ಟಾಪ್ ಚಿಪ್ 35 ವಾಟಿನಿಂದ 115 ವಾಟಿನವರೆಗೆ ಯಾವುದೇ ಮಿತಿಯಲ್ಲಿ ಬರಬಹುದು. ಹೆಸರು ಒಂದೇ, ಕಸುವು ಬೇರೆ. ವಾಟ್ ಎಷ್ಟೆಂದು ಕೇಳದೆ ದುಡ್ಡು ಕೊಡಬೇಡಿ.

ನನ್ನ ತೀರ್ಪು ಹೀಗಿದೆ. ಮನೆಯಲ್ಲಿ ಓದಿಗೆ, ಕೆಲಸಕ್ಕೆ ಆಗಲೇ ಒಂದು ಕಂಪ್ಯೂಟರ್ ಇದ್ದು, ಸಂಜೆ ಹಾಲ್‌ನಲ್ಲಿ ಕೂತು ಆಡುವುದಷ್ಟೇ ಬೇಕಿದ್ದರೆ ಕನ್ಸೋಲ್ ಕೊಳ್ಳಿ. ಆ ದುಡ್ಡಿಗೆ ಅಷ್ಟು ನಯವಾದ ಆಟ ಬೇರೆಡೆ ಸಿಗದು. ಮನೆಗೆ ಬರುವ ಯಂತ್ರ ಒಂದೇ ಆಗಿದ್ದು, ಅದರಲ್ಲೇ ಕಲಿಯಬೇಕು, ಕಟ್ಟಬೇಕು, ಆಡಲೂಬೇಕು ಎಂದಾದರೆ ಒಂದು ವರ್ಷ ಕಾದಾದರೂ ಪಿಸಿ ಮಾಡಿಸಿ. ಅಕ್ಕನ ಮಗನಿಗೆ ನಾನು ಹೇಳಿದ್ದು ಎರಡನೆಯದನ್ನು.

ಆದರೆ ಅವನ ಚೀಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಎಂಟನೆಯ ಸಾಲಾಗಿ 'ಮಾನಿಟರ್' ಎಂದು ನಾನೇ ಬರೆದೆ. "ಮನೇಲಿ ಹಳೇ ಟೀವಿ ಇದೆಯಲ್ಲ ಮಾವ" ಅಂದ. ಆ ಟೀವಿ 60 ಹರ್ಟ್ಸಿನದು. ಪಿಸಿಯಾಗಲಿ, ಕನ್ಸೋಲಾಗಲಿ, ಸೆಕೆಂಡಿಗೆ 120 ಚಿತ್ರ ಬಿಡಿಸಿ ಕೊಟ್ಟರೂ ಅದು ತೋರಿಸುವುದು ಅರವತ್ತನ್ನೇ.