ಮೌಸಿನ ಬಾಣ ರಂಗೋಲಿಯಾದಾಗ

ಕಂಪ್ಯೂಟರಿನಲ್ಲಿ ವರ್ಡ್ ತೆರೆಯಿರಿ. ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದು, ಕೀಬೋರ್ಡಿನ ಬಲತುದಿಯ ಅಂಕಿಗಳ ಪಕ್ಕದಲ್ಲಿರುವ ಪ್ಲಸ್ ಗುಂಡಿಯನ್ನು ಒಮ್ಮೆ ಒತ್ತಿ. ಬಾಣ ಮಾಯ! ಅದರ ಜಾಗದಲ್ಲಿ ನಾಲ್ಕು ಮೂಲೆಗೂ ಕುಣಿಕೆ ಸುತ್ತಿಕೊಂಡ ಪುಟ್ಟ ಆಕೃತಿ. ಅಂಗಳದ ಎಳೆ ರಂಗೋಲಿಯ ಒಂದು ತುಣುಕು ಪರದೆಗೆ ಬಂದು ಕೂತ ಹಾಗೆ. ಈಗ ಮೇಲಿನ ಮೆನುವಿನಲ್ಲಿ ಬೇಕಾದ ಆಜ್ಞೆಯ ಮೇಲೆ ಕ್ಲಿಕ್ ಮಾಡಿ. ಆ ಕೆಲಸ ನಡೆಯುವುದಿಲ್ಲ. ಬದಲಿಗೆ ಒಂದು ಕಿಟಕಿ ತೆರೆದು, ಈ ಆಜ್ಞೆಗೆ ಯಾವ ಕೀ ಇಡಲಿ ಎಂದು ನಿಮ್ಮನ್ನೇ ಕೇಳುತ್ತದೆ. ನಿಮ್ಮನ್ನೇ!

ಇದನ್ನು ನನಗೆ ತೋರಿಸಿಕೊಟ್ಟದ್ದು ಶಿರಾಳಕೊಪ್ಪದ ಒಂದು ಡಿಟಿಪಿ ಅಂಗಡಿ. ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ, ಸಂಘದ ನಡಾವಳಿ ಎಲ್ಲವೂ ಒಂದೇ ಮೇಜಿನ ಮೇಲೆ ಹುಟ್ಟುವ ಜಾಗ ಅದು. ಟೈಪ್ ಮಾಡುತ್ತಿದ್ದ ಹುಡುಗಿ ಮೌಸ್ ಮುಟ್ಟದೆಯೇ ಒಂದರ ಹಿಂದೊಂದು ಪುಟ ಮುಗಿಸುತ್ತಿದ್ದಳು. "ಅದೆಂಗವ್ವಾ?" ಅಂದೆ. "ಎಲ್ಲಾ ನಾನೇ ಇಟ್ಕಂಡಿರೋ ಕೀ ಸರ್, ನೋಡ್ರಿ" ಎಂದು ತೋರಿಸಿದಳು. ನೋಡುತ್ತಾ ನಿಂತೆ, ಬಂದ ಕೆಲಸ ಮರೆತೇಹೋಯಿತು.

ಕಾಪಿಗೆ ಸಿ, ಪೇಸ್ಟಿಗೆ ವಿ ಎಂಬುದು ನಮಗೆಲ್ಲ ಬಾಯಿಪಾಠ. ಕತ್ತರಿಸಿ ಅಂಟಿಸುವ ಈ ಪದ್ಧತಿ ರೂಪುಗೊಂಡದ್ದು 1970ರ ದಶಕದಲ್ಲಿ, ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ, ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರ ಕೈಯಲ್ಲಿ. ಮುಂದೆ 1983ರಲ್ಲಿ ಬಂದ ಆಪಲ್ ಲಿಸಾ ಯಂತ್ರದಲ್ಲಿ ಝಡ್, ಎಕ್ಸ್, ಸಿ, ವಿ ಸಾಲು ನೆಲೆ ನಿಂತಿತು. ಆಮೇಲೆ ನಾವೆಲ್ಲ ಅವರು ಇಟ್ಟ ಕೀಗಳನ್ನೇ ಒತ್ತುತ್ತಾ ಬಂದೆವು. ಇನ್ನುಳಿದ ನೂರಾರು ಆಜ್ಞೆಗಳಿಗೆ ನಾವೇ ಕೀ ಇಡಬಹುದು ಎಂಬ ಬಾಗಿಲು ಅಲ್ಲೇ ಇತ್ತು, ತೆರೆದೇ ಇತ್ತು!

ಆ ರಂಗೋಲಿಯಂಥ ಚಿಹ್ನೆಯ ಕಥೆಯನ್ನೂ ಕೇಳಿ. ಮ್ಯಾಕಿಂತೋಶ್ ಕೀಬೋರ್ಡಿನ ಕಮ್ಯಾಂಡ್ ಗುಂಡಿಯ ಮೇಲೆ ಇರುವುದೂ ಇದೇ. ವಿನ್ಯಾಸಕಿ ಸೂಸನ್ ಕೇರ್ ಅದನ್ನು ಚಿಹ್ನೆಗಳ ಒಂದು ಕೋಶದಲ್ಲಿ ಹುಡುಕಿ ತೆಗೆದರು. ಸ್ವೀಡನ್ನಿನಲ್ಲಿ ಅದು ನೋಡತಕ್ಕ ಸ್ಥಳವನ್ನು ತೋರಿಸುವ ದಾರಿ ಫಲಕ. ಮ್ಯಾಕ್ ಇರುವವರಿಗೆ ದಾರಿ ಇನ್ನೂ ಸುಲಭ: ಕೀಬೋರ್ಡ್ ಸೆಟ್ಟಿಂಗಿನ ಆಪ್ ಶಾರ್ಟ್‌ಕಟ್ಸ್ ಭಾಗದಲ್ಲಿ ಮೆನುವಿನ ಹೆಸರನ್ನು ಇದ್ದ ಹಾಗೇ, ಕೊನೆಯ ಮೂರು ಚುಕ್ಕಿಯನ್ನೂ ಬಿಡದೆ, ಬರೆದು ಕೀ ಕೊಟ್ಟರೆ ಮುಗಿಯಿತು.

ಆದರೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಮುಂದಿನದು. ವರ್ಡಿನ ಆ ಕಿಟಕಿಯಲ್ಲಿ ಮೆನು ಆಜ್ಞೆಗಳಷ್ಟೇ ಅಲ್ಲ, ಫಾಂಟುಗಳೂ ಇವೆ. ಪಟ್ಟಿಯಲ್ಲಿ ಕೆಳಗಿಳಿಯುತ್ತಾ ಹೋದರೆ ನುಡಿ 01 ಇ ಎಂಬ ಕನ್ನಡ ಫಾಂಟು! ಇದರ ಬೆಲೆ ಗೊತ್ತಿರುವುದು ಹಳೆಯ ನುಡಿ ಫಾಂಟಿನಲ್ಲಿ ಅರ್ಜಿ ಬರೆಯುವವರಿಗೆ. ಕನ್ನಡ ವಾಕ್ಯದ ನಡುವೆ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಬಂದರೆ ಫಾಂಟ್ ಬದಲಿಸಲೇಬೇಕು. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳು ಕನ್ನಡದ ಚೂರುಗಳಾಗಿ ಕಾಣುತ್ತವೆ. ನುಡಿಗೆ ಒಂದು ಕೀ, ಟೈಮ್ಸ್ ನ್ಯೂ ರೋಮನ್ನಿಗೆ ಇನ್ನೊಂದು ಕೀ. ಕಣ್ಣು ಪರದೆಯಿಂದ ಕದಲುವುದಿಲ್ಲ.

ಇನ್ನೂ ಇದೆ. ‘ಮಾನ್ಯ ತಹಶೀಲ್ದಾರರು, ಶಿಕಾರಿಪುರ ಇವರಿಗೆ’ ಎಂಬಲ್ಲಿಂದ ವಿಷಯದ ಸಾಲಿನವರೆಗೆ ಆಯ್ದು, ಆಲ್ಟ್ ಜತೆ ಎಫ್3 ಒತ್ತಿ ಒಂದು ಹೆಸರು ಕೊಟ್ಟು ಉಳಿಸಿ. ಬಿಲ್ಡಿಂಗ್ ಬ್ಲಾಕ್ಸ್ ಎಂಬ ವಿಭಾಗದಲ್ಲಿ ಅದಕ್ಕೂ ಕೀ ಇಡಬಹುದು. ಒಂದು ಒತ್ತು, ಅರ್ಜಿಯ ತಲೆಬರಹವೆಲ್ಲ ಎದ್ದು ನಿಲ್ಲುತ್ತದೆ! ಯಾವುದೋ ಕೀ ಆಗಲೇ ಬೇರೆ ಆಜ್ಞೆಯ ಪಾಲಾಗಿದ್ದರೆ ಕಿಟಕಿಯೇ ಎಚ್ಚರಿಸುತ್ತದೆ. ಕಂಟ್ರೋಲ್, ಆಲ್ಟ್ ಜತೆ ಎನ್ ಕೊಡಲು ಹೋಗಿ ನೋಡಿ, ಅದು ಡ್ರಾಫ್ಟ್ ನೋಟಕ್ಕೆ ಸೇರಿದ್ದು ಎಂದು ಹೇಳುತ್ತದೆ. ಬರಹ ತಂತ್ರಾಂಶ ಬಳಸುವವರು ಎಫ್11ರ ತಂಟೆಗೆ ಹೋಗಬೇಡಿ, ಕನ್ನಡ ಇಂಗ್ಲಿಷ್ ಅದಲುಬದಲಾಗುವುದು ಅದರಿಂದ.

ಕೀಗೆ ಹೊಸ ಕೆಲಸ ಕಲಿಸುವ ಧೈರ್ಯ ಕನ್ನಡಕ್ಕೆ ಹೊಸದಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಇಂಗ್ಲಿಷಿನ ಇಪ್ಪತ್ತಾರೇ ಗುಂಡಿಗಳಲ್ಲಿ ಇಡೀ ವರ್ಣಮಾಲೆ ಕೂರಿಸಿದರು. ಒತ್ತಕ್ಷರಕ್ಕೆ ಕೊಂಡಿಯಾಗಿ ಎಫ್ ಒಂದೇ ಗುಂಡಿ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಇರುವುದು ಅದೇ ಕೀಲಿಮಣೆ. ಶಿರಾಳಕೊಪ್ಪ ಎಂದು ಟೈಪಿಸಲು ಹತ್ತು ಒತ್ತು ಸಾಕು. ಕೊನೆಯ ಪ್ಪ ಮೂಡುವುದು ಪಿ, ಎಫ್, ಪಿ ಒತ್ತಿದಾಗ.

ಅಂಗಡಿಯಿಂದ ಹೊರಬಿದ್ದು ಪಕ್ಕದ ಬಳ್ಳಿಗಾವಿಗೆ ಹೋದವನಿಗೆ ಕೇದಾರೇಶ್ವರ ಗುಡಿಯ ಎದುರು ಮೈ ಜುಮ್ಮೆಂದಿತು. ಇಲ್ಲಿದ್ದ ಕೋಡಿಯಮಠವನ್ನು 1162ರ ಶಾಸನ ಬಣ್ಣಿಸುತ್ತದೆ: ಬಡವರಿಗೆ ಅನ್ನ, ರೋಗಿಗಳಿಗೆ ಔಷಧ, ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ಪಾಠ. ಪಾಣಿನಿ! ಹದಿನಾಲ್ಕು ಪುಟ್ಟ ಸೂತ್ರಗಳಲ್ಲಿ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿ, ಶುರುವಿನ ಅಕ್ಷರಕ್ಕೆ ಕೊನೆಯ ಗುರುತನ್ನು ಸೇರಿಸಿ ನಡುವಿನ ಇಡೀ ಸಾಲನ್ನು ಕರೆಯುವ ವಿಧಾನ ಅವನ ವ್ಯಾಕರಣದಲ್ಲಿದೆ. ಅಚ್ ಅಂದರೆ ಸ್ವರಗಳೆಲ್ಲ, ಹಲ್ ಅಂದರೆ ವ್ಯಂಜನಗಳೆಲ್ಲ. ಹೈಸ್ಕೂಲಿನಲ್ಲಿ ಉರು ಹೊಡೆದ ಯಣ್ ಸಂಧಿಯ ಯಣ್ ಕೂಡ ಇದೇ ಜಾತಿ. ಆ ಒಂದು ಉಚ್ಚಾರದಲ್ಲಿ ಯ, ವ, ರ, ಲ ನಾಲ್ಕೂ ಹಾಜರು. ಎಲ್ಲಿಂದ ಎಲ್ಲಿಗೆ ಕತ್ತರಿಸಿದರೆ ನಿಯಮ ಚಿಕ್ಕದಾಗುತ್ತದೋ ಅಲ್ಲಿಗೆ ಹೆಸರು. ವರ್ಡಿನಲ್ಲೂ ಎರಡು ಹಂತದ ಕೀ ಇಡಲು ಬರುತ್ತದೆ: ಮೊದಲು ಒಂದು ಜೋಡಿ ಒತ್ತಿ, ಕೈಬಿಟ್ಟು, ಇನ್ನೊಂದು ಅಕ್ಷರ. ಸುಮಾರು ಒಂಬೈನೂರು ವರ್ಷದ ಹಿಂದೆ ಈ ನೆಲದಲ್ಲಿ ಕೂತು ಅಚ್, ಹಲ್ ಒಪ್ಪಿಸುತ್ತಿದ್ದ ಹುಡುಗರಿಗೆ ಇದನ್ನು ವಿವರಿಸಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಲ್ಯಾಪ್‌ಟಾಪಿನಲ್ಲಿ ಅಂಕಿಗಳ ಗುಂಪು ಇಲ್ಲದಿದ್ದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್ ಎಂದು ಹೋಗಿ. ಕೆಳಗೆ ಅದೇ ಕಿಟಕಿಯ ಗುಂಡಿ ಇದೆ. ಲಿಬ್ರೆ ಆಫೀಸಿನಲ್ಲಿ ಟೂಲ್ಸ್, ಕಸ್ಟಮೈಸ್, ಕೀಬೋರ್ಡ್; ಅಲ್ಲಿ ನಿಮ್ಮ ಕೀಗಳನ್ನು ಒಂದು ಫೈಲಾಗಿ ಉಳಿಸಿ, ಪೆನ್‌ಡ್ರೈವಿನಲ್ಲಿ ಒಯ್ದು ಬೇರೆ ಯಂತ್ರದಲ್ಲಿ ಇಳಿಸಬಹುದು. ವರ್ಡಿನ ಪ್ರಿಂಟ್ ಆಯ್ಕೆಗಳಲ್ಲಿ ಕೀ ಅಸೈನ್‌ಮೆಂಟ್ಸ್ ಎಂಬುದೊಂದಿದೆ. ಆರಿಸಿದರೆ ನೀವೇ ಇಟ್ಟ ಕೀಗಳ ಪಟ್ಟಿ ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಎಲ್ಲಿಂದ ಶುರುಮಾಡಲಿ ಎನ್ನುವವರು ನುಡಿ ಫಾಂಟಿಗೇ ಮೊದಲ ಕೀ ಕೊಡಿ.