ಗಣಕಯಂತ್ರದ ಬಾಗಿಲುಗಳೂ ಅವುಗಳ ಕಾವಲೂ

ಆರ್ಡುಯಿನೊ ಎಂಬ ಪುಟ್ಟ ಫಲಕವನ್ನು ಲಿನಕ್ಸ್ ಗಣಕಯಂತ್ರಕ್ಕೆ ಮೊದಲ ಬಾರಿ ಜೋಡಿಸಿದ ವಿದ್ಯಾರ್ಥಿಗೆ ಅನೇಕ ವೇಳೆ ದೊರೆಯುವ ಉತ್ತರ, 'ಅನುಮತಿ ಇಲ್ಲ'. ಯಂತ್ರವೂ ತನ್ನದು, ಫಲಕವೂ ತನ್ನದು, ಹೀಗಿರಲು ತಡೆಯುವವರಾರು?

ಉತ್ತರಕ್ಕಾಗಿ ನಾವು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲಾದ ಯುನಿಕ್ಸ್ ವ್ಯವಸ್ಥೆಯತ್ತ ತಿರುಗಬೇಕು. ಅದನ್ನು ರಚಿಸಿದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಇವರು ಉಪಕರಣಗಳನ್ನೂ ಕಡತಗಳಂತೆಯೇ ಕಂಡರು. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವು ಈ ಸಂಪ್ರದಾಯವನ್ನೇ ಅನುಸರಿಸಿತು. ಆದುದರಿಂದ ಕಡತಕ್ಕಿರುವ ಕಾವಲೇ ಉಪಕರಣಕ್ಕೂ ಕಾವಲು. ಒಡೆಯ, ಗುಂಪು, ಇತರರು ಎಂದು ಮೂರು ವರ್ಗ. ಒಂದೊಂದಕ್ಕೂ ಒಂದು ಅಂಕೆ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ಎರಡೂ ಇದ್ದರೆ 6. 660 ಎಂದರೆ ಒಡೆಯನೂ ಗುಂಪಿನವರೂ ಓದಿ ಬರೆಯಬಹುದು, ಇತರರಿಗೆ ಪ್ರವೇಶವಿಲ್ಲ.

ಡೆಬಿಯನ್ ಎಂಬ ಲಿನಕ್ಸ್ ಪ್ರಭೇದದಲ್ಲಿ ನಮ್ಮ ಫಲಕದ ಕಡತಕ್ಕೆ ಒಡೆಯನು 'ರೂಟ್' ಎಂಬ ಮೇಲಧಿಕಾರಿ, ಗುಂಪು 'ಡಯಲ್‌ಔಟ್'. ಈ ಹೆಸರು ದೂರವಾಣಿ ಮೋಡೆಮ್‌ಗಳ ಕಾಲದ್ದು. ಸಿಕ್ಕಸಿಕ್ಕವರು ದೂರದೂರಿಗೆ ಕರೆ ಮಾಡಿದರೆ ಹಣ ತೆರುವವರಾರು! ವಿದ್ಯಾರ್ಥಿಯ ಹೆಸರನ್ನು ಈ ಗುಂಪಿಗೆ ಸೇರಿಸಿದರೆ ತಡೆ ನೀಗುತ್ತದೆ. ಆದರೆ ಯಾರು ಯಾವ ಗುಂಪಿನವರೆಂಬುದು ಲಾಗಿನ್ ಆಗುವ ಗಳಿಗೆಯಲ್ಲೇ ನಿಶ್ಚಯವಾಗುವುದರಿಂದ, ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆಗಬೇಕು. ಇದನ್ನರಿಯದೆ ಬೇಸತ್ತವರುಂಟು.

666 ಎಂದು ಮಾಡಿ ಎಲ್ಲರಿಗೂ ಬಾಗಿಲು ತೆರೆದುಬಿಡುವ ಉಪಾಯವೂ ಪ್ರಚಾರದಲ್ಲಿದೆ. ನಮಗದು ಒಪ್ಪಿಗೆಯಿಲ್ಲ. ಡಿಸ್ಕ್ ಕೂಡ ಒಂದು ಕಡತವೇ. ಅದರ ಮೇಲೆ ನೇರವಾಗಿ ಬರೆಯಬಲ್ಲವನಿಗೆ ಒಳಗಿನ ಯಾವ ಕಡತದ ಕಾವಲೂ ಲೆಕ್ಕಕ್ಕಿಲ್ಲ. ಕ್ಯಾಮೆರಾದ ಕಡತವು ಹೀಗೆ ತೆರೆದಿದ್ದರೆ, ಜಾಲದ ಮೂಲಕ ದೂರದಿಂದ ಲಾಗಿನ್ ಆದ ಇನ್ನೊಬ್ಬ ಬಳಕೆದಾರನು ನಮ್ಮ ಕೋಣೆಯನ್ನೇ ನೋಡಬಲ್ಲನು.

ಗುಂಪಿನ ಕ್ರಮಕ್ಕೂ ಈ ದೋಷ ತಪ್ಪಿದ್ದಲ್ಲ. ಸದಸ್ಯನು ಎಲ್ಲಿದ್ದರೂ ಸದಸ್ಯನೇ. 2003ರಲ್ಲಿ ಬಂದ 'ಯುಡೆವ್' ಎಂಬ ಏರ್ಪಾಡು, ಯುಎಸ್‌ಬಿ ಉಪಕರಣವನ್ನು ಜೋಡಿಸಿದೊಡನೆ ಅದರ ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ನೋಡಿ, ನಾವು ಬರೆದಿಟ್ಟ ನಿಯಮದಂತೆ ಹಕ್ಕುಗಳನ್ನು ಹಂಚುತ್ತದೆ. ನಿಯಮದಲ್ಲಿ 'ಯುಆಕ್ಸೆಸ್' ಎಂಬ ಗುರುತಿದ್ದರೆ, ಆ ಯಂತ್ರದ ಪರದೆಯ ಮುಂದೆ ಕುಳಿತವನಿಗೆ ಮಾತ್ರ ಹಕ್ಕು ದೊರೆತು, ಬೇರೊಬ್ಬನು ಆ ಸ್ಥಾನಕ್ಕೆ ಬಂದೊಡನೆ ಮರಳಿ ಹೋಗುತ್ತದೆ. ಒಂದು ಸಂದು ಮಾತ್ರ ಉಳಿದಿದೆ. ಅನುಮತಿಯ ಪರೀಕ್ಷೆ ನಡೆಯುವುದು ಕಡತವನ್ನು ತೆರೆಯುವಾಗ. ಮೊದಲೇ ತೆರೆದುಕೊಂಡ ಪ್ರೋಗ್ರಾಮು ಹಕ್ಕು ಹೋದ ಮೇಲೂ ಓದುತ್ತಲೇ ಇರಬಲ್ಲದು. ಕೀಲಿಮಣೆ, ಮೌಸ್ ಮೊದಲಾದ ಕೆಲವಕ್ಕೆ ಆ ಹಿಡಿತವನ್ನೂ ಕಸಿಯುವ ಉಪಾಯ ಲಿನಕ್ಸ್‌ನಲ್ಲಿ ಉಂಟು.